ಇಬ್ಬರ ಮಾನದ ಪ್ರಶ್ನೆ, ಎಲೈಜಾ ತೆತ್ತ ಬೆಲೆ

1804ರ ಜುಲೈ 11ರ ಬೆಳಗ್ಗೆ ನ್ಯೂಯಾರ್ಕಿನಿಂದ ಹೊರಟ ಎರಡು ದೋಣಿಗಳು ಹಡ್ಸನ್ ನದಿ ದಾಟಿ ನ್ಯೂಜೆರ್ಸಿಯ ವೀಹಾಕನ್ ದಡ ಸೇರಿದವು. ಒಂದರಲ್ಲಿ ಅಮೆರಿಕದ ಅಂದಿನ ಉಪಾಧ್ಯಕ್ಷ ಆರನ್ ಬರ್, ಇನ್ನೊಂದರಲ್ಲಿ ಆ ದೇಶದ ಮೊದಲ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್. ಇಬ್ಬರೂ ಪಿಸ್ತೂಲು ಹಿಡಿದು ಎದುರುಬದುರು ನಿಂತರು. ಬರ್ ಹಾರಿಸಿದ ಗುಂಡು ಹ್ಯಾಮಿಲ್ಟನ್ ಅವರ ಹೊಟ್ಟೆಯನ್ನು ಹೊಕ್ಕಿತು. ಮರುದಿನ ಅವರು ತೀರಿಕೊಂಡರು.

ಈ ಹಗೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1791ರಲ್ಲಿ ಬರ್, ಹ್ಯಾಮಿಲ್ಟನ್ ಅವರ ಮಾವ ಫಿಲಿಪ್ ಸ್ಕೈಲರ್ ಅವರಿಂದ ಸೆನೆಟ್ ಸ್ಥಾನವನ್ನು ಕಸಿದುಕೊಂಡಿದ್ದರು. 1800ರ ಅಧ್ಯಕ್ಷ ಚುನಾವಣೆಯಲ್ಲಿ ಜೆಫರ್ಸನ್ ಮತ್ತು ಬರ್ ಇಬ್ಬರಿಗೂ ತಲಾ 73 ಮತ ಬಂದಾಗ, ಹ್ಯಾಮಿಲ್ಟನ್ ಬರ್ ವಿರುದ್ಧ ಪಟ್ಟುಹಿಡಿದು ಪತ್ರಗಳನ್ನು ಬರೆದರು. 1804ರಲ್ಲಿ ನ್ಯೂಯಾರ್ಕ್ ಗವರ್ನರ್ ಚುನಾವಣೆಯಲ್ಲೂ ಬರ್ ಸೋತರು. ಹ್ಯಾಮಿಲ್ಟನ್ ಒಂದು ಊಟದ ಕೂಟದಲ್ಲಿ ತಮ್ಮ ಬಗ್ಗೆ ಹೀನಾಯವಾಗಿ ಮಾತಾಡಿದರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಬರ್ ವಿವರಣೆ ಕೇಳಿದರು. ಪತ್ರಗಳು ಅತ್ತಿತ್ತ ಓಡಾಡಿದವು. ಯಾರೂ ಬಗ್ಗಲಿಲ್ಲ.

ಹ್ಯಾಮಿಲ್ಟನ್‌ಗೆ ದ್ವಂದ್ವಯುದ್ಧ ಒಪ್ಪಿಗೆಯಿರಲಿಲ್ಲ. ಹಾಗೆಂದು ಅವರೇ ಬರೆದಿಟ್ಟಿದ್ದಾರೆ. ಕಾನೂನೂ ಅದನ್ನು ನಿಷೇಧಿಸಿತ್ತು. ಆದರೆ ಹಿಂದೆ ಸರಿದರೆ ಮುಂದೆ ಸಾರ್ವಜನಿಕ ಬದುಕಿನಲ್ಲಿ ತಮ್ಮ ಮಾತಿಗೆ ಬೆಲೆ ಇರುವುದಿಲ್ಲ ಎಂದು ಅವರು ಭಾವಿಸಿದರು. ಮೂರು ವರ್ಷಗಳ ಹಿಂದಷ್ಟೇ, 1801ರಲ್ಲಿ, ಅವರ ಹಿರಿಮಗ ಫಿಲಿಪ್ ಇದೇ ನದಿಯ ಆಚೆ ದಡದಲ್ಲಿ, ತಂದೆಯ ಮಾನಕ್ಕಾಗಿ ನಡೆದ ದ್ವಂದ್ವದಲ್ಲಿ, 19ನೇ ವಯಸ್ಸಿಗೇ ಪ್ರಾಣ ಬಿಟ್ಟಿದ್ದ. ಅದನ್ನು ಕಂಡ ತಂದೆಯೂ ಅದೇ ದಾರಿ ಹಿಡಿದರು. ಹೆಂಡತಿ ಎಲೈಜಾಗೆ ಒಂದು ಮಾತೂ ಹೇಳಲಿಲ್ಲ. ತಾವು ಸತ್ತರೆ ಕೊಡಲೆಂದು ಪತ್ರ ಬರೆದಿಟ್ಟು ಹೋದರು.

ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಕಥೆ ಮುಗಿಸುತ್ತವೆ. ಎಲೈಜಾ ಕಥೆ ಶುರುವಾಗುವುದೇ ಇಲ್ಲಿಂದ.

ಆಕೆಯ ಮಡಿಲಲ್ಲಿ ಉಳಿದದ್ದು ಏಳು ಮಕ್ಕಳು. ಕೊನೆಯವನಿಗೆ ಬರೀ ಎರಡು ವರ್ಷ. ಹಿರಿಮಗಳು ಏಂಜೆಲಿಕಾ ಅಣ್ಣನ ಸಾವಿನ ಆಘಾತದಿಂದ ಮಾನಸಿಕ ಸ್ವಾಸ್ಥ್ಯ ಕಳೆದುಕೊಂಡಿದ್ದಳು. ಅದೇ ನವೆಂಬರ್‌ನಲ್ಲಿ ತಂದೆಯೂ ತೀರಿಕೊಂಡರು. ಇಡೀ ದೇಶದ ಸಾಲದ ಲೆಕ್ಕ ಸರಿಪಡಿಸಿದ ಮನುಷ್ಯ ಮನೆಗೆ ಬಿಟ್ಟುಹೋದದ್ದು ಸಾಲ! ಕುಟುಂಬಕ್ಕಾಗಿ ಗೆಳೆಯರು ಹಣ ಕೂಡಿಸಬೇಕಾಯಿತು. ಅತ್ತ ಬರ್ ಮೇಲೆ ಕೊಲೆ ಆರೋಪ ಹೊರಿಸಲಾದರೂ ವಿಚಾರಣೆ ನಡೆಯಲೇ ಇಲ್ಲ. ಅವರು ವಾಷಿಂಗ್ಟನ್‌ಗೆ ಮರಳಿ ಸೆನೆಟ್ಟಿನ ಸಭಾಪತಿ ಪೀಠದಲ್ಲಿ ಕುಳಿತರು.

ಎಲೈಜಾ ಕೈಕಟ್ಟಿ ಕೂರಲಿಲ್ಲ. 1806ರಲ್ಲಿ, ಗಂಡ ತೀರಿ ಎರಡೇ ವರ್ಷಕ್ಕೆ, ಇಸಾಬೆಲ್ಲಾ ಗ್ರಹಾಂ, ಜೋಆನಾ ಬೆಥೂನ್ ಮೊದಲಾದ ಮಹಿಳೆಯರ ಜೊತೆ ಸೇರಿ ನ್ಯೂಯಾರ್ಕಿನಲ್ಲಿ ಅನಾಥಾಲಯ ಕಟ್ಟಿದರು. ಹ್ಯಾಮಿಲ್ಟನ್ ಕೂಡ ಬಾಲ್ಯದಲ್ಲೇ ತಬ್ಬಲಿಯಾದವರು ಎಂಬುದನ್ನು ನೆನೆದರೆ ಈ ಕೆಲಸದ ತೂಕ ತಿಳಿಯುತ್ತದೆ. ಎಂಬತ್ತು ದಾಟಿದ ಮೇಲೂ ಅದರ ಆಡಳಿತ ನೋಡಿಕೊಂಡರು. ಆ ಸಂಸ್ಥೆ ಗ್ರಹಾಂ ವಿಂಡಮ್ ಎಂಬ ಹೆಸರಲ್ಲಿ ಇಂದಿಗೂ ಮಕ್ಕಳ ಸೇವೆಯಲ್ಲಿದೆ. ಜೊತೆಗೆ ಗಂಡನ ಸಾವಿರಾರು ಕಾಗದಪತ್ರಗಳನ್ನು ಕೂಡಿಸಿ, ಮಗನಿಂದ ಜೀವನಚರಿತ್ರೆ ಬರೆಸಿದರು. ಹ್ಯಾಮಿಲ್ಟನ್ ಬಗ್ಗೆ ನಮಗೆ ಇಂದು ಇಷ್ಟೊಂದು ತಿಳಿದಿರುವುದರ ಹಿಂದೆ ಆಕೆಯ ಶ್ರಮವಿದೆ. 1854ರಲ್ಲಿ, 97ನೇ ವಯಸ್ಸಿನಲ್ಲಿ, ಅವರು ಕಣ್ಮುಚ್ಚಿದರು.

ಪಿಸ್ತೂಲುಗಳ ಕಾಲ ಮುಗಿದಿದೆ. ಆದರೆ ‘ಇದು ಮರ್ಯಾದೆಯ ಪ್ರಶ್ನೆ’ ಎಂಬ ಮಾತು ಮನೆಗಳಲ್ಲೂ ಸಂಘಗಳಲ್ಲೂ ಇನ್ನೂ ಕೇಳಿಬರುತ್ತದೆ. ಮುಂದಿನ ಸಲ ಆ ಮಾತು ಕಿವಿಗೆ ಬಿದ್ದಾಗ, ಅದರ ಬೆಲೆ ತೆರುವವರನ್ನು ಯಾರಾದರೂ ಒಂದು ಮಾತು ಕೇಳಿದ್ದಾರೆಯೇ ಎಂದು ನಾವು ವಿಚಾರಿಸೋಣ.