ಒಣಗಿದ ಕಣ್ಣಿನ ನರ ಇಂಜೆಕ್ಷನ್‌ನಿಂದ ಮತ್ತೆ ಚಿಗುರುತ್ತದೆಯೇ?

ಕಣ್ಣಿನ ನರ ಒಣಗಿ ಹೋಗಿದ್ದರೂ ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿಸಿದರೆ ದೃಷ್ಟಿ ವಾಪಸ್ ಬರುತ್ತದೆ ಎನ್ನುವ ಬಗೆಯ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು? ನೋಡೋಣ.

ಚುಟುಕು ಉತ್ತರ: ಪ್ರಯೋಗಾಲಯದ ಇಲಿಗಳಲ್ಲಿ ಈ ನರ ಮತ್ತೆ ಬೆಳೆದದ್ದು ನಿಜ. ಮನುಷ್ಯರಿಗೆ ಅಂಥ ಚಿಕಿತ್ಸೆ ಇನ್ನೂ ಬಂದಿಲ್ಲ.

ದೃಷ್ಟಿ ನರ ಎಂದರೇನು?

ಕಣ್ಣಿನ ಹಿಂಬದಿಯ ರೆಟಿನಾದಿಂದ ಮಿದುಳಿಗೆ ಹೋಗುವ ಕೇಬಲ್ ಇದು. ಇದರಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಗ್ಲಾಕೋಮಾ, ತಲೆಗೆ ಬಿದ್ದ ಪೆಟ್ಟು, ಕಳ್ಳಭಟ್ಟಿಯಲ್ಲಿ ಸೇರುವ ಮೆಥನಾಲ್ ಇವೆಲ್ಲ ಈ ಎಳೆಗಳನ್ನು ಹಾಳು ಮಾಡುತ್ತವೆ. ಕೈಕಾಲಿನ ನರ ಕಡಿದರೆ ನಿಧಾನವಾಗಿ ಬೆಳೆಯಬಲ್ಲದು. ದೃಷ್ಟಿ ನರ ಮಿದುಳಿನದೇ ಭಾಗ, ಹಾಗಾಗಿ ಅದು ತಾನಾಗಿ ಬೆಳೆಯುವುದಿಲ್ಲ.

ನೇತ್ರದಾನದಿಂದ ದೃಷ್ಟಿ ಬರುತ್ತದಲ್ಲ?

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ದೃಷ್ಟಿ ಸಿಕ್ಕಿತು. ಅಲ್ಲಿ ಕಸಿ ಮಾಡಿದ್ದು ಇಡೀ ಕಣ್ಣನ್ನಲ್ಲ, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು. ಅದನ್ನು ಪದರಗಳಾಗಿ ಬಿಡಿಸಿದ್ದರಿಂದ ಎರಡು ಕಣ್ಣು ನಾಲ್ವರಿಗೆ ಸಾಕಾಯಿತು. ಒಳಗಿನ ನರವೇ ಸತ್ತಿದ್ದರೆ ಕಾರ್ನಿಯಾ ಬದಲಿಸಿ ಪ್ರಯೋಜನವಿಲ್ಲ.

2023ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ವೈದ್ಯರು ಒಬ್ಬರಿಗೆ ಇಡೀ ಕಣ್ಣನ್ನೇ ಕಸಿ ಮಾಡಿದರು. ನರ ಜೋಡಿಸಿದ ಜಾಗಕ್ಕೆ ಸ್ಟೆಮ್ ಸೆಲ್ ಕೂಡ ಹಾಕಿದರು. ಕಣ್ಣು ಬದುಕಿತು, ದೃಷ್ಟಿ ಮಾತ್ರ ಬರಲಿಲ್ಲ.

ಪ್ರಯೋಗಾಲಯದಲ್ಲಿ ಆಗಿರುವುದೇನು?

2008ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಪಿಟೆನ್ ಎಂಬ ಜೀನ್ ತೆಗೆದಾಗ, ಜಜ್ಜಿದ ನರದ ಎಳೆಗಳು ಮತ್ತೆ ಬೆಳೆದವು. 2020ರಲ್ಲಿ ಹಾರ್ವರ್ಡ್‌ನ ತಂಡ ಮೂರು ಜೀನ್‌ಗಳನ್ನು ಕಣ್ಣಿಗೆ ಸೇರಿಸಿತು. ಗ್ಲಾಕೋಮಾದಂಥ ತೊಂದರೆಯಿದ್ದ ಇಲಿಗಳ ದೃಷ್ಟಿ ಸುಧಾರಿಸಿತು. ಆದರೆ ಮನುಷ್ಯರಲ್ಲಿ ಎಳೆಗಳು ಇನ್ನೂ ದೂರ ಬೆಳೆಯಬೇಕು, ಮಿದುಳಿನ ಸರಿಯಾದ ಜಾಗಕ್ಕೇ ಸೇರಬೇಕು. ತೊಡಕು ಇರುವುದು ಅಲ್ಲೇ.

ಹಾಕಿಸಿ ನೋಡಿದರೆ ನಷ್ಟವೇನು?

ನಷ್ಟವಿದೆ. ಅಮೆರಿಕದ ಫ್ಲೋರಿಡಾದಲ್ಲಿ ರೆಟಿನಾ ತೊಂದರೆಗೆಂದು ಕ್ಲಿನಿಕ್ ಒಂದರಲ್ಲಿ ಕಣ್ಣಿಗೆ ಸ್ಟೆಮ್ ಸೆಲ್ ಚುಚ್ಚಿಸಿಕೊಂಡ ಮೂವರು ಮಹಿಳೆಯರು ಇದ್ದ ದೃಷ್ಟಿಯನ್ನೂ ಬಹುಪಾಲು ಕಳೆದುಕೊಂಡರು. ಇದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ.

ಹಾಗಾದರೆ ಮಾಡಬೇಕಾದ್ದೇನು?

ಸಾಮಾನ್ಯ ಬಗೆಯ ಗ್ಲಾಕೋಮಾದಲ್ಲಿ ನೋವಿರುವುದಿಲ್ಲ. ಮೊದಲು ಅಂಚಿನ ದೃಷ್ಟಿ ಹೋಗುವುದರಿಂದ ಗೊತ್ತೇ ಆಗುವುದಿಲ್ಲ. 40 ದಾಟಿದವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರು ಕಣ್ಣಿನ ಒತ್ತಡ ಮತ್ತು ನರದ ಪರೀಕ್ಷೆ ಮಾಡಿಸಿಕೊಳ್ಳಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದವರಿಗೆ ಬೆಂಗಳೂರಿನ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ತೀರಾ ದೂರವೇನಲ್ಲ. ವೈದ್ಯರು ಕೊಟ್ಟ ಡ್ರಾಪ್ಸ್ ಹೋದ ದೃಷ್ಟಿಯನ್ನು ತರುವುದಿಲ್ಲ, ಉಳಿದಿರುವುದನ್ನು ಕಾಪಾಡುತ್ತದೆ. ಫಾರ್ವರ್ಡ್ ನಂಬಿ ಅದನ್ನು ನಿಲ್ಲಿಸಬೇಡಿ. ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದರೆ ಈ ಲೇಖನ ಹಂಚಿಕೊಳ್ಳಿ.