ಶತ್ರು ಆಸ್ತಿ ಕಾಯ್ದೆ ಮತ್ತು ಸಂಸತ್ತಿನ ಹೊಣೆ

ಯುದ್ಧಕಾಲದಲ್ಲಿ ಎದುರಾಳಿ ರಾಷ್ಟ್ರದ ಪ್ರಜೆಗಳ ಸೊತ್ತನ್ನು ಸರಕಾರಗಳು ವಶಪಡಿಸಿಕೊಳ್ಳುವುದು ಹೊಸತೇನಲ್ಲ. ಆದರೆ ಶತ್ರು ಯಾರು, ನಿರ್ಬಂಧ ಎಲ್ಲಿಯವರೆಗೆ ಎಂಬುದನ್ನು ಸರಕಾರವೊಂದೇ ತೀರ್ಮಾನಿಸಬಹುದೇ? ನಮ್ಮ ದೇಶದ ಶತ್ರು ಆಸ್ತಿ ಕಾಯ್ದೆಯ ಇತಿಹಾಸವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1965ರ ಸೆಪ್ಟೆಂಬರ್‌ನಲ್ಲಿ ಯುದ್ಧ ನಡೆಯುತ್ತಿದ್ದಾಗ, ಪಾಕಿಸ್ತಾನಿ ಪ್ರಜೆಗಳಿಗೆ ಭಾರತದಲ್ಲಿದ್ದ ಆಸ್ತಿಯನ್ನು ಭಾರತ ರಕ್ಷಣಾ ನಿಯಮಗಳಡಿ ಕಸ್ಟೋಡಿಯನ್ ಎಂಬ ಅಧಿಕಾರಿಗೆ ಒಪ್ಪಿಸಲಾಯಿತು. ವಶಪಡಿಸಿಕೊಂಡ ಆಸ್ತಿಯನ್ನು ಮರಳಿಸುವ ಕುರಿತು ಚರ್ಚಿಸಲು 1966ರ ತಾಷ್ಕೆಂಟ್ ಘೋಷಣೆಯಲ್ಲಿ ಉಭಯ ದೇಶಗಳೂ ಒಪ್ಪಿದ್ದವು. ಅದು ಕೈಗೂಡಲಿಲ್ಲ. 1968ರಲ್ಲಿ ಸಂಸತ್ತು ಶತ್ರು ಆಸ್ತಿ ಕಾಯ್ದೆಯನ್ನು ಅಂಗೀಕರಿಸಿತು. ಆದರೆ ಭಾರತದ ಪ್ರಜೆಯು 'ಶತ್ರು' ಎಂಬ ವ್ಯಾಖ್ಯೆಗೆ ಒಳಪಡುವುದಿಲ್ಲವೆಂದು ಆ ಕಾಯ್ದೆಯಲ್ಲೇ ಸ್ಪಷ್ಟಪಡಿಸಲಾಗಿತ್ತು.

ಮಹಮೂದಾಬಾದಿನ ರಾಜರು 1957ರಲ್ಲಿ ಪಾಕಿಸ್ತಾನದ ಪೌರತ್ವ ಪಡೆದರು. ಪತ್ನಿ ಮತ್ತು ಮಗ ಭಾರತೀಯರಾಗಿಯೇ ಇಲ್ಲಿ ಉಳಿದರು. 1973ರಲ್ಲಿ ತಂದೆ ನಿಧನರಾದ ಬಳಿಕ ಮಗ ದೀರ್ಘಕಾಲ ಹೋರಾಡಿದರು. 2005ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತು, ಭಾರತೀಯ ವಾರಸುದಾರ ಶತ್ರುವಲ್ಲ ಎಂದಿತು.

ಈ ತೀರ್ಪಿನ ಪರಿಣಾಮವನ್ನು ಅಳಿಸಲು 2010ರಲ್ಲಿ ಅಂದಿನ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದು ಕಾಯ್ದೆಯಾಗದೆ ಅನೂರ್ಜಿತವಾಯಿತು. ಬಳಿಕ ಬೇರೊಂದು ಪಕ್ಷದ ಸರಕಾರ 2016ರ ಒಂದೇ ವರ್ಷದಲ್ಲಿ ಐದು ಬಾರಿ ಸುಗ್ರೀವಾಜ್ಞೆ ಹೊರಡಿಸಿತು. ಸುಗ್ರೀವಾಜ್ಞೆಗಳನ್ನು ಹೀಗೆ ಮತ್ತೆ ಮತ್ತೆ ಹೊರಡಿಸುವುದು ಸಂವಿಧಾನಕ್ಕೆ ಎಸಗುವ ವಂಚನೆಯೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು 2017ರ ಜನವರಿಯಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಹೇಳಿತು.

ಈ ನಡುವೆ ರಾಜ್ಯಸಭೆಯು ಮಸೂದೆಯನ್ನು ಆಯ್ಕೆ ಸಮಿತಿಗೆ ಒಪ್ಪಿಸಿತ್ತು. ಕರ್ನಾಟಕದ ಕೆ. ರೆಹಮಾನ್ ಖಾನ್ ಸೇರಿದಂತೆ ಹಲವು ಸದಸ್ಯರು ವರದಿಗೆ ಭಿನ್ನಮತದ ಟಿಪ್ಪಣಿ ಸೇರಿಸಿದರು. 2017ರ ಮಾರ್ಚ್ 10ರಂದು ವಿರೋಧ ಪಕ್ಷಗಳು ಸಭಾತ್ಯಾಗ ಮಾಡಿದ್ದಾಗ ಮಸೂದೆ ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. ಈ ಕಾಯ್ದೆಯ ಮೂಲಕ ವಾರಸುದಾರರು ಭಾರತೀಯರಾಗಿದ್ದರೂ 'ಶತ್ರು' ಎಂಬ ವ್ಯಾಖ್ಯೆಯೊಳಗೆ ಬಂದರು. ತಿದ್ದುಪಡಿಯನ್ನು ಪೂರ್ವಾನ್ವಯಗೊಳಿಸಲಾಯಿತು, ಸಿವಿಲ್ ನ್ಯಾಯಾಲಯಗಳ ಬಾಗಿಲು ಮುಚ್ಚಿತು.

ಸಂಸತ್ತಿನ ಪರಿಶೀಲನೆ ಕೇವಲ ವಿಧಿಯಾದಾಗ, ವಿದೇಶೀಯನ ಮೇಲೆ ಹೇರಿದ ನಿರ್ಬಂಧವು ಸ್ವದೇಶೀಯನ ಮನೆಬಾಗಿಲಿಗೂ ಬರುತ್ತದೆ. ಈ ಇತಿಹಾಸದ ಪಾಠ ಇದೇ. ಹಗೆತನವು ಸೊತ್ತಿನ ಹಕ್ಕನ್ನು ಅಳಿಸದೆಂಬುದು ನಮಗೆ ಅಪರಿಚಿತ ತತ್ವವಲ್ಲ. ತಮ್ಮ ಹತ್ಯೆಗೆ ಸಂಚು ಹೂಡಿದ್ದ ಮಕ್ಕಾದವರ ಅಮಾನತುಗಳನ್ನು ಅವರವರಿಗೆ ಮರಳಿಸಲೆಂದೇ ಪ್ರವಾದಿವರ್ಯರು(ಸ) ಹಿಜ್ರಾದ ವೇಳೆ ಹಝ್ರತ್ ಅಲೀ(ರ)ರನ್ನು ಅಲ್ಲಿ ಉಳಿಸಿ ಹೋದರೆಂದು ಸೀರಾ ಗ್ರಂಥಗಳು ದಾಖಲಿಸಿವೆ.

ಒಂದು ದಾರಿ ಇನ್ನೂ ತೆರೆದಿದೆ: ತನ್ನ ಆಸ್ತಿಯನ್ನು ತಪ್ಪಾಗಿ ಶತ್ರು ಆಸ್ತಿಯೆಂದು ಪರಿಗಣಿಸಲಾಗಿದೆ ಎನ್ನುವವರು ಕೇಂದ್ರ ಸರಕಾರಕ್ಕೆ ಮನವಿ ಸಲ್ಲಿಸಬಹುದು, ಅದರ ಆದೇಶದ ವಿರುದ್ಧ 60 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಜ್ಞಾನಭಾರತಿಯ ಪಕ್ಕದ ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆಯಿದೆ. ಅಲ್ಲಿಯೂ ಇತರೆಡೆಯೂ ಕಾನೂನು ಕಲಿಯುತ್ತಿರುವ ನಮ್ಮ ಮಕ್ಕಳು ತೀರ್ಪುಗಳ ಜೊತೆಗೆ ಆ ಭಿನ್ನಮತದ ಟಿಪ್ಪಣಿಗಳನ್ನೂ ಓದಬೇಕು. ಮತದಲ್ಲಿ ಸೋತ ಮಾತುಗಳನ್ನೂ ಸಂಸತ್ತಿನ ಕಡತ ಕಾಪಾಡಿಕೊಂಡಿರುತ್ತದೆ.