ಕೊಂಬು ಮೂಡಿದ ದೊಡ್ಡಮ್ಮ

ಹೊಳೆನರಸೀಪುರದ ಜಾತ್ರೆಯಲ್ಲಿ ನನಗೆ ಬತ್ತಾಸಿಗಿಂತ, ಬಳೆಗಿಂತ ಹೆಚ್ಚು ಆಸೆ ಹುಟ್ಟಿಸುತ್ತಿದ್ದುದು ಒಂದು ಪ್ಲಾಸ್ಟಿಕ್ ಕ್ಯಾಮೆರಾ. ಅದರಲ್ಲಿ ಫೋಟೊ ತೆಗೆಯಲು ಬರುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿ ತೂತಿನಲ್ಲಿ ಇಣುಕಿ ಗುಂಡಿ ಒತ್ತಿದರೆ ತಿರುಪತಿ ಕಾಣುವುದು. ಮತ್ತೆ ಒತ್ತಿದರೆ ಮೈಸೂರು ಅರಮನೆ. ನಾನು ಮಾತ್ರ ಅದನ್ನು ಅಮ್ಮನ ಕಡೆ ತಿರುಗಿಸಿ, "ಅಮ್ಮಾ, ಇಲ್ಲಿ ನೋಡು, ನಗು" ಎನ್ನುತ್ತಿದ್ದೆ. ಅಮ್ಮ ಸೆರಗು ಸರಿಮಾಡಿಕೊಂಡು ಗಂಭೀರವಾಗಿಬಿಡುತ್ತಿದ್ದಳು. ಆಟದ ಕ್ಯಾಮೆರಾಕ್ಕೂ ಅಷ್ಟು ಮರ್ಯಾದೆ!

ಫೋಟೊ ಎಂದರೆ ಗಂಭೀರವಾಗಿರಬೇಕು ಎಂಬುದು ಆ ಕಾಲದ ಹೆಂಗಸರ ಮೈಗೇ ಅಂಟಿಕೊಂಡಿತ್ತು. ಅಮ್ಮ ಮೊದಲ ಸಲ ಸ್ಟುಡಿಯೊ ಹತ್ತಿದ್ದು ಗಂಡಿನ ಕಡೆಯವರಿಗೆ ಕಳಿಸಲು ಬೇಕಾದ ಫೋಟೊಕ್ಕಾಗಿ. ಎರಡನೆಯ ಸಲ ಮದುವೆಯಾದ ಮೇಲೆ, ಅಪ್ಪನ ಕುರ್ಚಿಯ ಪಕ್ಕ ನಿಂತು. ಎರಡರಲ್ಲೂ ಕೈ ಎಲ್ಲಿಡಬೇಕು, ಕತ್ತು ಎಷ್ಟು ಬಾಗಿಸಬೇಕು ಎಂದು ಹೇಳಿದವರು ಬೇರೆಯವರು. ಎರಡರಲ್ಲೂ ಅಮ್ಮ ಕಲ್ಲಿನ ಹಾಗೆ ನಿಂತಿದ್ದಾಳೆ.

ಕಲ್ಲೆಂದಾಗ ನೆನಪಾಯಿತು. ನಮ್ಮ ಹಾಸನ ಜಿಲ್ಲೆಗೂ ಫೋಟೊಗೂ ಬಹಳ ಹಳೆಯ ನಂಟು. ಆರ್. ಬ್ಯಾನರ್ ಓಕ್ಲಿ ಎಂಬ ಆಂಗ್ಲರು 1850ರ ದಶಕದಲ್ಲೇ ಹಳೇಬೀಡಿನ ಗುಡಿಯ ಫೋಟೊ ತೆಗೆದು, 56 ಚಿತ್ರಗಳ ಪುಸ್ತಕವನ್ನು 1859ರಲ್ಲಿ ಲಂಡನ್ನಿನಲ್ಲಿ ಹೊರತಂದರು. ಆಗಿನ ಕ್ಯಾಮೆರಾ ಎಂದರೆ ದೊಡ್ಡ ಮರದ ಪೆಟ್ಟಿಗೆ, ಮುಕ್ಕಾಲು ಸ್ಟ್ಯಾಂಡು, ಔಷಧದ ಸೀಸೆಗಳು. ಎದುರಿಗಿರುವುದು ಅಲುಗಾಡದೆ ನಿಲ್ಲಬೇಕು. ಅದಕ್ಕೆ ಹೊಯ್ಸಳರ ಶಿಲಾಬಾಲಿಕೆಯರಿಗಿಂತ ತಕ್ಕವರು ಯಾರು? ನಮ್ಮ ಜಿಲ್ಲೆಯ ಕಲ್ಲಿನ ಹೆಂಗಸರು ವಿಲಾಯತಿಗೆ ಹೋಗಿ ಬಂದರೂ, ಅವರ ಕಾಲ ಬುಡದಲ್ಲಿ ಅಂಗಳ ಗುಡಿಸುತ್ತಿದ್ದ ಜೀವಂತ ಹೆಂಗಸರ ಸರದಿ ಬರಲು ನೂರು ವರ್ಷ ಬೇಕಾಯಿತು.

ಆ ಸರದಿಯನ್ನು ತಂದದ್ದು ದೊಡ್ಡ ಕ್ಯಾಮೆರಾ ಅಲ್ಲ, ಆಟದ ಸಾಮಾನಿನಂಥ ಕ್ಯಾಮೆರಾ. 1900ರಲ್ಲಿ ಅಮೆರಿಕದ ಕೊಡಕ್ ಕಂಪನಿ 'ಬ್ರೌನಿ' ಎಂಬ ರಟ್ಟಿನ ಡಬ್ಬವನ್ನು ಒಂದು ಡಾಲರಿಗೆ ಮಾರಿತು. ಮಕ್ಕಳಿಗೆಂದೇ ಮಾಡಿದ್ದು, ಹೆಸರೂ ಮಕ್ಕಳ ಕತೆಗಳ ತುಂಟ ಕುಳ್ಳರದು. ಮಕ್ಕಳ ಕೈಗೆ ಕೊಟ್ಟದ್ದನ್ನು ಮನೆಯವರೆಲ್ಲ ಬಳಸಿದರು. ನಮ್ಮಲ್ಲಿ ಆ ಕೆಲಸ ಮಾಡಿದ್ದು ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿದ್ದ 'ಆಗ್ಫಾ ಕ್ಲಿಕ್ ಥ್ರೀ'. ನಿಮ್ಮ ಮನೆಯ ಅಟ್ಟದಲ್ಲೂ ಒಂದು ಇದ್ದೀತು, ಹುಡುಕಿ ನೋಡಿ. ಕಪ್ಪು ಪ್ಲಾಸ್ಟಿಕ್ ಮೈ. ಬಿಸಿಲಿಗೊಂದು ಸೂರ್ಯನ ಗುರುತು, ಮಬ್ಬಿಗೊಂದು ಮೋಡದ ಗುರುತು. ಒಂದು ರೋಲಿಗೆ ಹನ್ನೆರಡು ಚೌಕ ಫೋಟೊ. ಹಿಂದೆ ಕೆಂಪು ಕಿಟಕಿಯಲ್ಲಿ ಅಂಕಿ ಕಾಣುವವರೆಗೆ ರೋಲನ್ನು ತಿರುಗಿಸಬೇಕು. ಅಷ್ಟೇ ಅದರ ವಿದ್ಯೆ.

ಚನ್ನರಾಯಪಟ್ಟಣದ ನಮ್ಮ ಸೋದರಮಾವ ಅದನ್ನು ಕೊಂಡದ್ದು 1981ರ ಫೆಬ್ರವರಿಯಲ್ಲಿ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆಂದು. ಗೊಮ್ಮಟನಿಗೆ ಸಾವಿರ ವರ್ಷ ತುಂಬಿದ ಸಂಭ್ರಮ ಅದು. ಆದರೆ ಆ ಜನಜಂಗುಳಿಯಲ್ಲಿ ಮಾವ ತೆಗೆದ ಹನ್ನೆರಡೂ ಫೋಟೊಗಳಲ್ಲಿ ಬಂದದ್ದು ಮುಂದೆ ನಿಂತವರ ಬೆನ್ನು. "ಇದು ಕ್ಯಾಮೆರಾ ಅಲ್ಲ, ಡಬ್ಬ" ಎಂದು ಬೇಸತ್ತು ಬೇಸಗೆ ರಜದಲ್ಲಿ ನನ್ನ ಕೈಗೆ ಹಾಕಿದರು. ಬೆಲೆಬಾಳುವ ಕ್ಯಾಮೆರಾ ಆಗಿದ್ದರೆ ಹೆಣ್ಣುಹುಡುಗಿಯ ಕೈಗೆ ಬರುತ್ತಿತ್ತೇ? ಡಬ್ಬವಾಗಿದ್ದೇ ನನ್ನ ಪುಣ್ಯ.

ಮಾವ ತೆಗೆಸಿಕೊಟ್ಟದ್ದು 'ಇಂದು' ರೋಲು, ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನದು. ಆ ಸರ್ಕಾರಿ ಕಾರ್ಖಾನೆ ಈಗ ಮುಚ್ಚಿದೆ. ನಾನು ಮೊದಲು ಮಾಡಿದ್ದು ಒಂದು ಕುಚೇಷ್ಟೆ. ಬೆಳಗೊಳದ ಕಲ್ಯಾಣಿಯ ಹತ್ತಿರ ತಂಗಿಯನ್ನು ಕೈಚಾಚಿ ನಿಲ್ಲಿಸಿ, ಬೆಟ್ಟದ ಮೇಲೆ ಕಾಣುವ ಗೊಮ್ಮಟನ ತಲೆಯನ್ನು ಅವಳ ಅಂಗೈ ಮೇಲೆ ಕೂರಿಸಲು ಹೊರಟೆ. ನಾವು ಇಣುಕುವ ತೂತು ಬೇರೆ, ಚಿತ್ರ ಹಿಡಿಯುವ ಗಾಜು ಬೇರೆ ಎಂಬುದು ನನಗೇನು ಗೊತ್ತು? ಫೋಟೊದಲ್ಲಿ ಗೊಮ್ಮಟ ಇರಲೇ ಇಲ್ಲ. ತಂಗಿ ಬಟ್ಟ ಬಯಲಿನಲ್ಲಿ ಭಿಕ್ಷೆಗೆ ನಿಂತ ಹಾಗಿದ್ದಳು. ಮೂವತ್ತು ವರ್ಷ ಅವಳು ನನ್ನನ್ನು ಕ್ಷಮಿಸಲಿಲ್ಲ.

ಅಲ್ಲಿಂದ ಅರಕಲಗೂಡಿನ ದೊಡ್ಡಮ್ಮನ ಮನೆಗೆ ಹೋದೆವು. ಹಿತ್ತಿಲಲ್ಲಿ ಎಮ್ಮೆಯದೊಂದು ಫೋಟೊ ತೆಗೆದೆ. ರೋಲು ತಿರುಗಿಸುವುದನ್ನು ಮರೆತೆ. ಹೊಸ ಕ್ಯಾಮೆರಾಗಳಲ್ಲಾದರೆ ತಿರುಗಿಸದೆ ಗುಂಡಿ ಒತ್ತಲು ಬಾರದು. ಕ್ಲಿಕ್‌ಗೆ ಆ ತಡೆ ಇರಲಿಲ್ಲ, ಎಷ್ಟು ಸಲ ಒತ್ತಿದರೂ ಪಾಪ, ಒಪ್ಪಿಕೊಳ್ಳುತ್ತಿತ್ತು. ಅಷ್ಟರಲ್ಲಿ ದೊಡ್ಡಮ್ಮ ಹಪ್ಪಳ ಒಣಹಾಕಲು ಬಂದರು. "ಏನೇ ಅದು, ನನ್ನ ತೆಗೀಬೇಡ, ತಲೆ ಬಾಚಿಲ್ಲ" ಎನ್ನುವಷ್ಟರಲ್ಲಿ ಒತ್ತಿಯಾಗಿತ್ತು.

ರೋಲು ತೊಳೆಸಲು ಅಣ್ಣ ಮೈಸೂರು–ಅರಸೀಕೆರೆ ರೈಲು ಹತ್ತಿ ಹಾಸನಕ್ಕೆ ಹೋದ. ಸ್ಟುಡಿಯೊದವರು ಫೋಟೊ ಕೊಡುವಾಗ, "ಇದನ್ನು ಪ್ರಿಂಟ್ ಹಾಕಬೇಕೋ ಬೇಡವೋ ಅಂತ ಬಹಳ ಯೋಚನೆ ಮಾಡಿದೆ" ಎಂದರಂತೆ. ನೋಡಿದರೆ ದೊಡ್ಡಮ್ಮನ ಮುಖ, ಅದರ ಮೇಲೆ ಸುಂದರವಾದ ಎರಡು ಕೊಂಬು! ದೊಡ್ಡಪ್ಪನಿಗೆ ತೋರಿಸಬಾರದೆಂದು ಆಣೆ ಹಾಕಿಸಿಕೊಂಡ ಮೇಲೆ ದೊಡ್ಡಮ್ಮನೇ ಅದನ್ನು ಮೊದಲು ತೋರಿಸಿದ್ದು ದೊಡ್ಡಪ್ಪನಿಗೆ.

ಇಂಥ ತಪ್ಪುಗಳೇ ಮುಂದೆ ಹವ್ಯಾಸವಾದವು ಎಂದರೆ ನೀವು ನಂಬಬೇಕು. 1960ರ ದಶಕದಲ್ಲಿ ಹಾಂಗ್‌ಕಾಂಗಿನಲ್ಲಿ ತಯಾರಾಗುತ್ತಿದ್ದ 'ಡಯಾನಾ' ಎಂಬ ಪ್ಲಾಸ್ಟಿಕ್ ಕ್ಯಾಮೆರಾ, 1982ರಲ್ಲಿ ಅಲ್ಲಿಂದಲೇ ಬಂದ 'ಹೋಲ್ಗಾ', ಇವುಗಳಲ್ಲಿ ಬೆಳಕು ಸಂದಿಯಿಂದ ನುಗ್ಗುತ್ತದೆ, ಅಂಚು ಕಪ್ಪಾಗುತ್ತದೆ, ಒಂದರ ಮೇಲೊಂದು ಚಿತ್ರ ಬೀಳುತ್ತದೆ. ಅದಕ್ಕಾಗಿಯೇ ಅವನ್ನು ಕೊಳ್ಳುವವರಿದ್ದಾರೆ. 1992ರಲ್ಲಿ ವಿಯೆನ್ನಾದಲ್ಲಿ ಇಂಥವರದೇ ಒಂದು ಸಂಘ ಹುಟ್ಟಿತು. ಈಗಿನ ಹುಡುಗಿಯರು ಮೊಬೈಲಿನ ಚೊಕ್ಕ ಚಿತ್ರಕ್ಕೆ ಬೇಕೆಂದೇ ಆ ಕಲೆಗಳನ್ನು ಬಳಿಯುತ್ತಾರೆ. ನನಗೆ ಅದು ಪುಕ್ಕಟೆಯಾಗಿ ಸಿಕ್ಕಿತ್ತು, ಬೈಗುಳದ ಜೊತೆಗೆ.

ಕೊಂಬಿನ ಫೋಟೊ ಬಂದ ದಿನ ಅಮ್ಮ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ನೋಡಿದವಳೇ ಮೊರ ಕೆಳಗಿಟ್ಟು ನಕ್ಕಳು. ಕಣ್ಣಲ್ಲಿ ನೀರು ಬರುವ ಹಾಗೆ, ಹೊಟ್ಟೆ ಹಿಡಿದುಕೊಂಡು. ಕ್ಯಾಮೆರಾದಲ್ಲಿ ಎರಡನೆಯ ರೋಲಿತ್ತು. ಒತ್ತಿಬಿಟ್ಟೆ. ಅಮ್ಮನಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗಿದ್ದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಅಮ್ಮ ಹೋದ ಮೇಲೆ ಗೋಡೆಗೆ ಯಾವ ಫೋಟೊ ಹಾಕಿಸುವುದೆಂಬ ಮಾತು ಬಂತು. ನಾನು ಆ ಜಗಲಿಯ ಫೋಟೊ ತೆಗೆದುಕೊಟ್ಟೆ. ಸೊಟ್ಟಗಿದೆ, ಮೂಲೆಯಲ್ಲಿ ನನ್ನ ಹೆಬ್ಬೆರಳು, ನಕ್ಕು ನಕ್ಕು ಅಲುಗಿದ್ದರಿಂದ ಮುಖ ಕದಡಿದೆ. ಅಣ್ಣ, "ತಿಥಿಗೆ ಬಂದವರು ಏನೆಂದುಕೊಂಡಾರು?" ಎಂದ. ಅವನು ಹೇಳಿದ್ದೂ ಸುಳ್ಳಲ್ಲ. ಸ್ಟುಡಿಯೊ ಫೋಟೊದಿಂದ ಅಮ್ಮನನ್ನೊಬ್ಬಳನ್ನೇ ಬೇರೆ ಮಾಡಿ, ದೊಡ್ಡದು ಮಾಡಿಸಿ, ಗಂಧದ ಹಾರ ಹಾಕಿದೆವು. ಅದು ನಡುಮನೆಯಲ್ಲಿದೆ.

ನನ್ನ ಮಗಳು ಅಜ್ಜಿಯನ್ನು ನೋಡಿದ್ದು ಆ ಹಾರದ ಫೋಟೊದಲ್ಲಿ ಮಾತ್ರ. ಮೊನ್ನೆ ಟ್ರಂಕು ಹರಡಿಕೊಂಡು ಕೂತಿದ್ದಾಗ ಚೌಕ ಫೋಟೊ ಎತ್ತಿಕೊಂಡು, "ಅಮ್ಮಾ, ಇದ್ಯಾರು?" ಎಂದಳು.

"ನಿಮ್ಮಜ್ಜಿ ಕಣೇ."

ಬಹಳ ಹೊತ್ತು ನೋಡಿದಳು. ನಡುಮನೆಗೆ ಹೋಗಿ ಗೋಡೆಯ ಫೋಟೊ ನೋಡಿ ಬಂದಳು. ಮತ್ತೆ ಇದನ್ನು ನೋಡಿದಳು.

"ಅಜ್ಜಿ ಹಿಂಗೆಲ್ಲ ನಗ್ತಿದ್ರಾ?"

ಈಗ ಆ ಫೋಟೊ ಅಡಿಗೆಮನೆಯಲ್ಲಿ, ಅಕ್ಕಿ ಡಬ್ಬದ ಮೇಲಿನ ಗೂಡಿನಲ್ಲಿದೆ. ಹಾರ ಹಾಕಿಲ್ಲ.